ದೊಡ್ಡಪ್ಪನ ಕಂಪ್ಯೂಟರಿನ ಬಾಂದುಕಲ್ಲು

ಸ್ವಂತ ಕಂಪ್ಯೂಟರಿನ ಪರದೆಗೆ ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆದು, ಇಬ್ಬರು ಸಾಕ್ಷಿಗಳ ರುಜು ಹಾಕಿಸಿ, ಮಹಜರು ಮಾಡಿಟ್ಟುಕೊಂಡ ಮನುಷ್ಯ ಇಡೀ ಕರ್ನಾಟಕದಲ್ಲಿ ಒಬ್ಬರೇ ಇದ್ದಾರೆ. ಅವರು ಮಳವಳ್ಳಿಯಲ್ಲಿದ್ದಾರೆ. ನನ್ನ ಗ್ರಹಚಾರಕ್ಕೆ ಅವರು ನನ್ನ ಸ್ವಂತ ದೊಡ್ಡಪ್ಪ! ನಂಬದವರು ಬಂದು ಆ ಮಹಜರನ್ನು ನೋಡಬಹುದು. ಎರಡನೇ ಸಾಕ್ಷಿಯ ರುಜು ನನ್ನದೇ.

ದೊಡ್ಡಪ್ಪ ನಿವೃತ್ತ ಸರ್ವೆಯರ್. ಹೊಲಗದ್ದೆಗಳ ಮೇಲೆ ಸರಪಳಿ ಎಳೆಯುತ್ತಲೇ ತಲೆ ನರೆಸಿಕೊಂಡವರು. ಇಲಾಖೆ ಅವರನ್ನು ಹಾರ ಹಾಕಿ ಮನೆಗೆ ಕಳಿಸಿತು, ಆದರೆ ಅಳತೆ ಮಾತ್ರ ಅವರ ಹಿಂದೆಯೇ ಮನೆಗೆ ಬಂತು. ಮದುವೆ ಊಟದಲ್ಲಿ ಪಕ್ಕದವರ ಪಲ್ಯ ಒಂದಿಷ್ಟು ಇವರ ಎಲೆಯ ಕಡೆಗೆ ಜಾರಿದರೆ ಸಾಕು, "ಸ್ವಾಮಿ, ನಿಮ್ದು ಒತ್ತುವರಿ ಆಗೈತೆ" ಎಂದು ಎಲೆಯ ನಡುವೆ ಉಪ್ಪಿನ ಗೆರೆ ಎಳೆಯುತ್ತಾರೆ. ಒಮ್ಮೆ ಮದ್ದೂರಿನಲ್ಲಿ ವಡೆ ತಿನ್ನಲು ಕೂತಿದ್ದೆವು. ತಟ್ಟೆ ಬಂದದ್ದೇ ತಡ, ಜೇಬಿನಿಂದ ಟೇಪು ತೆಗೆದು ವಡೆಯ ಮೇಲೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಟ್ಟರು.

"ನಾನು ಕೆಲ್ಸಕ್ಕೆ ಸೇರ್ದಾಗ ಇದು ಒಂದು ಗೇಣಿತ್ತು ಕಣಪ್ಪ. ಈಗ ಎರಡು ಬೆಳ್ಳು ಕಮ್ಮಿ ಆಗೈತೆ. ಯಾವ್ ಕಡೆಯಿಂದ ಒತ್ತವ್ರೆ?"

"ಎಣ್ಣೆ ಕಡೆಯಿಂದ ಸಾರ್" ಎಂದ ಸಪ್ಲೈಯರ್. ದೊಡ್ಡಪ್ಪ ಗಂಭೀರವಾಗಿ ತಲೆಯಾಡಿಸಿ ತಿಂದರು.

ಇಂಥವರ ಮನೆಯಲ್ಲಿರುವ ಕಂಪ್ಯೂಟರಿಗೆ ನಿಜವಾದ ಯಜಮಾನಿ ನನ್ನ ದೊಡ್ಡಮ್ಮ. ಕಣ್ಣಿನ ನರ ಸೊರಗಿ ಅವರಿಗೀಗ ಕಾಣುವುದು ಬೆಳಕು, ನೆರಳು, ಅಷ್ಟೆ. ಪೇಪರು ಓದುವುದು, ಹೂ ಕಟ್ಟುವುದು, ಒಗ್ಗರಣೆ ಹಾಕುವುದು ಒಂದೊಂದಾಗಿ ಕೈಬಿಟ್ಟು ಹೋದವು. ಆದರೂ ದಿನಾ ನಾಲ್ಕು ಗಂಟೆಗೆ ಒಬ್ಬರೇ ಕಂಪ್ಯೂಟರಿನ ಮುಂದೆ ಕೂತು ಅಡುಗೆ ಕಾರ್ಯಕ್ರಮ ಹಾಕಿಕೊಳ್ಳುತ್ತಿದ್ದರು. ಕಲಿಯುವುದಕ್ಕಲ್ಲ, ಬೈಯುವುದಕ್ಕೆ! "ಉಪ್ಸಾರಿಗೆ ಸಕ್ರೆ ಆಕ್ತಾನಲ್ಲ, ಇವ್ನ ಕೈ ಸೇದೋಗ! ಇವ್ನಿಗೆ ಎಣ್ಣು ಕೊಟ್ಟೋರು ಯಾರು?"

ಕಾಣದ ಕಣ್ಣಿಗೆ ಕಂಪ್ಯೂಟರ್ ಕಲಿಸಿದವರು ದೊಡ್ಡಪ್ಪನೇ. ಮೌಸನ್ನು ಎಡಕ್ಕೂ ಕೆಳಕ್ಕೂ ಎಳೆಯುತ್ತಾ ಹೋದರೆ ಬಾಣ ಪರದೆಯ ಮೂಲೆಗೆ ಬಡಿದು ನಿಲ್ಲುತ್ತದೆ, ಆಚೆಗೆ ಜಾಗವಿಲ್ಲ. ಆ ಮೂಲೆಯಲ್ಲೇ ಸ್ಟಾರ್ಟ್ ಬಟನ್. ಅದನ್ನು ಒತ್ತಿ, ಕೀಬೋರ್ಡಿನಲ್ಲಿ ಹಣೆಯ ಬಿಂದಿ ಅಂಟಿಸಿರುವ ಎರಡು ಗುಂಡಿಗಳನ್ನು ತಡವಿ ಒತ್ತಿದರೆ ಅಡುಗೆಯವನು ಮಾತಾಡತೊಡಗುತ್ತಾನೆ. ಕಣ್ಣೇ ಬೇಡ! ಕೀಬೋರ್ಡಿನಲ್ಲೂ ಒಂದು ಸ್ಟಾರ್ಟ್ ಗುಂಡಿ ಇರುತ್ತದಲ್ಲ ಎನ್ನುವ ಜಾಣರಿಗೆ ಉತ್ತರ: ಇತ್ತು. ಕೈ ತಾಗಿದಾಗಲೆಲ್ಲ ಏನೋ ತೆರೆದುಕೊಳ್ಳುತ್ತದೆಂದು ದೊಡ್ಡಪ್ಪ ಅದನ್ನು ಚಮಚದಿಂದ ಮೀಟಿ ಕಿತ್ತು ಎಸೆದಿದ್ದರು.

"ಇದೊಂದ್ನ ಮಾತ್ರ ನಾನು ಯಾರ್ನೂ ಕರೀದೆ ಮಾಡ್ಕತೀನಿ" ಎಂದು ದೊಡ್ಡಮ್ಮ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಹೀಗಿರುವಾಗ ಪರದೆಯ ಮೇಲೆ ಒಂದು ಒಕ್ಕಣೆ ಮೂಡಿತು. ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಕಾಲ ಮುಗಿಯಿತು, ಹೊಸ ವಿನ್ಯಾಸದ್ದು ಬಂದಿದೆ, ಪುಕ್ಕಟೆ, ಹಾಕಿಕೊಳ್ಳಿ. ದೊಡ್ಡಪ್ಪ ನನಗೆ ಫೋನ್ ಮಾಡಿದರು. ನಾನು ಮಂಡ್ಯದ ಕಾಲೇಜೊಂದರಲ್ಲಿ ವಾಣಿಜ್ಯ ಪಾಠ ಮಾಡುವವಳು. ಮೇಜಿನ ಮೇಲೊಂದು ಕಂಪ್ಯೂಟರ್ ಇದೆ ಎಂಬ ಒಂದೇ ಕಾರಣಕ್ಕೆ ನಮ್ಮ ವಂಶಕ್ಕೆಲ್ಲ ನಾನೇ ಕಂಪ್ಯೂಟರ್ ತಜ್ಞೆ!

"ಮಗಾ, ನೋಟೀಸು ಬಂದೈತೆ."

"ಯಾರ್ದು ದೊಡ್ಡಪ್ಪ?"

"ಕಂಪ್ಯೂಟ್ರುದು. ಇರೋ ಜಮೀನು ಬುಟ್ಟುಕೊಡಿ, ಬೇರೆ ಜಮೀನು ಕೊಡ್ತೀವಿ ಅಂತವ್ರೆ. ಪುಕ್ಸಟ್ಟೆ ಅಂತೆ. ಪುಕ್ಸಟ್ಟೆ ಕೊಡೋ ಜಮೀನು ಯಾವತ್ತಾರ ನೆಟ್ಟಗಿದ್ದದ್ದು ಉಂಟಾ?"

ಭಾನುವಾರ ಮಳವಳ್ಳಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಕಂಪ್ಯೂಟರಿನ ಮುಂದೆ ಚೌಕುಳಿ ಹಾಳೆ, ಅಡಿಪಟ್ಟಿ, ಪೆನ್ಸಿಲ್ಲು. ಪಕ್ಕದಲ್ಲಿ ಸಾಕ್ಷಿಗೆಂದು ಹಿಡಿದು ತಂದ ನೆರೆಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು.

"ಮೊದ್ಲು ಇರೋ ಸ್ಥಿತಿ ಮಹಜರಾಗ್ಬೇಕು. ಆಮೇಲೆ ನೀನು ಮುಟ್ಟು" ಎಂದರು ದೊಡ್ಡಪ್ಪ.

"ಇದಕ್ಕೆ ಪೂರ್ವ ಯಾವ್ದು? ಗೋಡೆ ಕಡೆನೋ, ಬಾಗ್ಲು ಕಡೆನೋ?" ಎಂದು ಮೇಷ್ಟ್ರು ಕೇಳಿದರು.

"ನಕ್ಸೇಲಿ ಮ್ಯಾಕಡೆ ಉತ್ತರ ಕಣ್ರೀ ಮೇಷ್ಟ್ರೇ! ಅದೇನ್ ಹೇಳ್ಕೊಟ್ರೋ ಮಕ್ಕಳಿಗೆ!"

"ನಾನು ಹೇಳ್ಕೊಟ್ಟಿದ್ದು ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಎರಡೇ."

ಕೊನೆಗೆ ಚಕ್ಕುಬಂದಿ ಹೀಗೆ ಇತ್ಯರ್ಥವಾಯಿತು: ಪೂರ್ವಕ್ಕೆ ಗಡಿಯಾರ ಮತ್ತು ತಾರೀಖು, ಪಶ್ಚಿಮಕ್ಕೆ ಕಸದ ಬುಟ್ಟಿ, ಉತ್ತರಕ್ಕೆ ಏನೂ ಇಲ್ಲದ ಖರಾಬು, ದಕ್ಷಿಣಕ್ಕೆ ಉದ್ದಕ್ಕೂ ಸರ್ಕಾರಿ ರಸ್ತೆ. ರಸ್ತೆಯೆಂದರೆ ಪರದೆಯ ಕೆಳಗಿನ ಪಟ್ಟಿ. ಅದರ ನೈಋತ್ಯ ಮೂಲೆಯ ಸ್ಟಾರ್ಟ್ ಬಟನ್ನಿಗೆ "ಸದರಿ ಸ್ವತ್ತಿನ ಬಾಂದುಕಲ್ಲು" ಎಂದು ಬರೆದರು. ಗಡಿಗೆ ನೆಡುವ ಕಲ್ಲಿಗೆ ನಮ್ಮ ಕಡೆ ಹೇಳುವ ಮಾತು ಅದು. ನಾನು ನಗು ತಡೆದುಕೊಂಡು ರುಜು ಹಾಕಿದೆ.

ಆಮೇಲೆ ಒಪ್ಪಿಗೆ ಒತ್ತಿದೆ. ಪರದೆ ಕಪ್ಪಾಗಿ ಪರ್ಸೆಂಟು ಏರತೊಡಗಿತು. ಹತ್ತು, ಹನ್ನೊಂದು. ಮೂವತ್ತರಲ್ಲಿ ನಿಂತೇಬಿಟ್ಟಿತು. ಒಳಗಿನಿಂದ ದೊಡ್ಡಮ್ಮ, "ಇನ್ನೂ ಪರ್ಸೆಂಟೇನ್ರೀ?" ಎಂದು ಕೂಗಿದರು. "ಈಗಿನ ಕಾಲ್ದಲ್ಲಿ ಪರ್ಸೆಂಟ್ ಇಲ್ದೆ ಯಾವ ಕೆಲ್ಸ ಆಯ್ತದೆ ಬುಡಿ" ಎಂದರು ಮೇಷ್ಟ್ರು. ಊಟ ಮುಗಿದು, ಎಲೆಅಡಿಕೆ ಮುಗಿದು, ಮೇಷ್ಟ್ರು ಕೂತಲ್ಲೇ ಒಂದು ನಿದ್ದೆ ತೆಗೆದ ಮೇಲೆ ಹೊಸ ವ್ಯವಸ್ಥೆ ದರ್ಶನ ಕೊಟ್ಟಿತು.

ಚೆನ್ನಾಗಿಯೇ ಇತ್ತು! ತಿಳಿನೀಲಿ ಬಣ್ಣ, ಗಾಜಿನ ಹೊಳಪು. ಆದರೆ ದೊಡ್ಡಪ್ಪ ಪರದೆಯ ಮೇಲೊಂದು ಕಿಟಕಿ ತೆರೆದವರೇ ಕೂಗಿಕೊಂಡರು.

"ಮೂಲೆ ಎಲ್ಲೋದ್ವು?"

ನೋಡಿದರೆ ನಿಜ. ಎಲ್ಲ ಮೂಲೆಗಳನ್ನೂ ಗುಂಡಗೆ ಮಾಡಿದ್ದರು.

"ಮೂಲೆನೇ ಇಲ್ದಿದ್ರೆ ಅಳ್ತೆ ಎಲ್ಲಿಂದ ಇಡ್ಯೋದು? ಇದೇನು ಸ್ವತ್ತೋ, ಅಕ್ಕಿರೊಟ್ಟಿಯೋ?"

ಆಮೇಲೆ ಅವರ ಕಣ್ಣು ಕೆಳಗಿಳಿಯಿತು. ಸ್ಟಾರ್ಟ್ ಬಟನ್ ಮೂಲೆಯಲ್ಲಿರಲಿಲ್ಲ, ಪಟ್ಟಿಯ ನಟ್ಟನಡುವೆ ಕೂತಿತ್ತು.

"ಬಾಂದುಕಲ್ಲು ಕಿತ್ತು ರಸ್ತೆ ಮಧ್ಯಕ್ಕೆ ನೆಟ್ಟವ್ರೆ ಕಣವ್ವ! ಇವಳು ಎಂಗ್ ಹುಡುಕ್ತಾಳೆ ಇದ್ನ?"

ಗಂಟೆ ಮೂರೂವರೆ. ನನಗೆ ಬಸ್ಸಿನ ಚಿಂತೆ. "ಅಭ್ಯಾಸ ಆಗುತ್ತೆ ಬಿಡು ದೊಡ್ಡಪ್ಪ" ಎಂದು ಚಪ್ಪಲಿ ಮೆಟ್ಟಿ ಹೊರಟೆ.

ಮರುದಿನದಿಂದ ಫೋನು ಶುರುವಾಯಿತು. ಸೋಮವಾರದ ವರದಿ: ದೊಡ್ಡಮ್ಮ ಎಂದಿನಂತೆ ಮೂಲೆಗೆ ಹೋಗಿ ಒತ್ತಿದ್ದಾರೆ. ಅಲ್ಲೀಗ ಹವಾಮಾನದ ಪಟ್ಟಿ ಕೂತಿದೆ! ಅಡುಗೆಯವನ ಬದಲು ಮೋಡದ ಚಿತ್ರ ತೆರೆದುಕೊಂಡಿದೆ. ಚಿತ್ರ ಮಾತಾಡುತ್ತದೆಯೇ? ದೊಡ್ಡಮ್ಮ ಕಾದರಂತೆ, ಮತ್ತೆ ಒತ್ತಿದರಂತೆ, ಮತ್ತೆ ಕಾದರಂತೆ.

ಮಂಗಳವಾರದ ವರದಿ: ದೊಡ್ಡಪ್ಪ ಮೇಜಿನ ಮೇಲೆ ಎರಡು ಅಡಿಪಟ್ಟಿ ಅಂಟಿಸಿ ಮೌಸಿಗೆ ಬೇಲಿ ಹಾಕಿದ್ದಾರೆ. ಮೌಸು ಬೇಲಿಗೆ ತಾಗಿದರೆ ಬಾಣ ಸರಿಯಾಗಿ ಕಲ್ಲಿನ ಮೇಲೆ! ಬುಧವಾರ ನಾನು ಹಲೋ ಎನ್ನುವ ಮೊದಲೇ ಕೂಗಿದರು.

"ಕಲ್ಲು ನಡೀತೈತೆ ಮಗಾ!"

"ಏನಂದೆ?"

"ಇನ್ನೊಂದೇನಾರ ತೆಗೆದ್ರೆ ಕಲ್ಲು ಎಡಕ್ಕೆ ಸರೀತದೆ. ಮುಚ್ಚಿದ್ರೆ ವಾಪಸ್ ಬತ್ತದೆ. ಅಳೆದು ನೋಡ್ದೆ, ಅರ್ಧ ಅಂಗುಲ. ನನ್ನ ಸರ್ವೀಸಲ್ಲಿ ರಾತ್ರೋರಾತ್ರಿ ನಡೆದ ಕಲ್ಲು ಬೇಕಾದಷ್ಟು ನೋಡಿವ್ನಿ ಕಣವ್ವ. ಅಗಲೊತ್ತಲ್ಲಿ ಕಣ್ಮುಂದೇನೇ ನಡೆಯೋ ಕಲ್ಲು ಇದೇ ಮೊದ್ಲು!"

ಇದನ್ನು ನಾನು ಸ್ಟಾಫ್ ರೂಮಿನಲ್ಲಿ ಅಭಿನಯ ಸಮೇತ ಹೇಳಿದೆ. ಇಂಗ್ಲಿಷ್ ಮೇಡಂ ನಕ್ಕೂ ನಕ್ಕೂ ಕಾಫಿ ಚೆಲ್ಲಿಕೊಂಡರು. ನನಗೆ ಎಂಥಾ ಹೆಮ್ಮೆ!

ಶುಕ್ರವಾರ ದೊಡ್ಡಪ್ಪ ತಾವಾಗಿ ಫೋನ್ ಮಾಡಲಿಲ್ಲ. ನಾನೇ ಮಾಡಿದೆ, ಹೊಸ ಕಥೆ ಸಿಗುತ್ತದೆಂಬ ಆಸೆಗೆ.

"ಅವಳು ಕಂಪ್ಯೂಟ್ರ ತಾವ ಬರಾದೇ ಬುಟ್ಟವ್ಳೆ ಕಣವ್ವ" ಎಂದರು. "ಕಲ್ಲು ಜರುಗ್ಸವ್ರೆ ಕಣೇ ಅಂದ್ರೂ ನಂಬಾಕಿಲ್ಲ. ನನ್ ಸಮಾಧಾನಕ್ಕೆ ಅಂತೀರಿ ಅಂತಾಳೆ. 'ಕಣ್ಣಾಯ್ತು, ಈಗ ಬುದ್ಧಿಗೂ ಮರ್ವು ಬಂತು' ಅಂತ ನಾಲ್ಕು ಗಂಟೆಗೆ ಗೋಡೆ ಕಡೆ ತಿರುಗಿ ಮಲೀಕತಾಳೆ."

ನನಗೆ ನಗು ಬರಲಿಲ್ಲ. ನನ್ನ ಮೇಲೇ ಕೆಟ್ಟ ಕೋಪ ಬಂತು. ಫೋನ್ ಇಟ್ಟು ಕಂಪ್ಯೂಟರಿನ ಮುಂದೆ ಕೂತು ಹುಡುಕಿದೆ. ಉಪಾಯ ಎರಡು ನಿಮಿಷಕ್ಕೆ ಸಿಕ್ಕಿತು. ಬರೀ ಎರಡು ನಿಮಿಷ! ವಾರವೆಲ್ಲ ಕಥೆ ಹೇಳಲು ಪುರುಸೊತ್ತಿದ್ದ ನನಗೆ ಆ ಎರಡು ನಿಮಿಷ ಇರಲಿಲ್ಲ.

ಶನಿವಾರ ಕಾಲೇಜು ಬಿಟ್ಟವಳೇ ಮಳವಳ್ಳಿಗೆ ಹೋದೆ. ಬಾಗಿಲು ತೆರೆದೇ ಇತ್ತು. ದೊಡ್ಡಪ್ಪ ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಕಣ್ಣಿಗೆ ಟವೆಲ್ ಕಟ್ಟಿಕೊಂಡಿದ್ದರು! ಒಂದು ಕೈಯಲ್ಲಿ ಮೌಸು, ಇನ್ನೊಂದರಿಂದ ಕೀಬೋರ್ಡಿನ ಬಿಂದಿ ತಡವುತ್ತಿದ್ದಾರೆ. ಒತ್ತುತ್ತಾರೆ, ಕಿವಿಗೊಡುತ್ತಾರೆ, ಏನೂ ಕೇಳುವುದಿಲ್ಲ. ಮತ್ತೆ ಮೊದಲಿಂದ.

"ಇದೇನು ದೊಡ್ಡಪ್ಪ?"

"ಬಂದಾ ಮಗಾ? ನಾಲ್ಕು ದಿನದಿಂದ ಇಂಗೇ ಕುಂತಿವ್ನಿ. ಕಣ್ಣು ಬುಟ್ಕಂಡು ಮಾಡಿದ್ ಅಳ್ತೆ ಅವಳಿಗೆ ಆಗಾಕಿಲ್ಲ."

ನಾನು ಪರದೆಯ ಕೆಳಗಿನ ಪಟ್ಟಿಯ ಸೆಟ್ಟಿಂಗ್ಸಿಗೆ ಹೋಗಿ, ನಡುವೆ ಎಂದಿದ್ದುದನ್ನು ಎಡಕ್ಕೆ ಎಂದು ಬದಲಿಸಿದೆ. ಸ್ಟಾರ್ಟ್ ಬಟನ್ ಸರ್ರನೆ ಹೋಗಿ ಮೂಲೆಯಲ್ಲಿ ಕೂತಿತು. ದೊಡ್ಡಪ್ಪ ಟವೆಲ್ಲಿನಲ್ಲೇ ಒಮ್ಮೆ ಪರೀಕ್ಷೆ ಮಾಡಿದರು. ಮೂಲೆ, ಒಂದು ಬಿಂದಿ, ಇನ್ನೊಂದು ಬಿಂದಿ. "ನಮಸ್ಕಾರ ವೀಕ್ಷಕರೇ" ಎಂದ ಅಡುಗೆಯವನು! ಅವನ ದನಿ ಅಷ್ಟು ಇಂಪಾಗಿ ನನಗೆ ಎಂದೂ ಕೇಳಿರಲಿಲ್ಲ. ದೊಡ್ಡಪ್ಪ ಎಲ್ಲ ಮುಚ್ಚಿ, ಟವೆಲ್ ಬಿಚ್ಚಿ, ದೊಡ್ಡಮ್ಮನ ಕೈ ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದರು.

"ಬ್ಯಾಡ ಬುಡ್ರೀ" ಎಂದರು ದೊಡ್ಡಮ್ಮ.

"ಒಂದೇ ಸಲ ಕಣೇ."

ದೊಡ್ಡಮ್ಮನ ಕೈ ಮೌಸನ್ನು ಎಡಕ್ಕೂ ಕೆಳಕ್ಕೂ ಎಳೆಯಿತು. ಒತ್ತಿತು. ಬಿಂದಿಗಳನ್ನು ತಡವಿತು. ಅಡುಗೆಯವನು ಮಾತಾಡಿದ.

ದೊಡ್ಡಮ್ಮ ಅವನನ್ನು ಬೈಯಲಿಲ್ಲ. ಮೌಸಿನ ಮೇಲಿಂದ ಕೈಯನ್ನೂ ತೆಗೆಯಲಿಲ್ಲ.

"ಅಂಗಾದ್ರೆ ನಂಗೆ ಮರ್ತಿರ್ಲಿಲ್ವಾ?"

"ಇಲ್ಲ ಕಣೇ. ನಿನ್ ಕೈ ಸರಿಯಾಗೇ ಇತ್ತು. ಕಲ್ಲು ಕಿತ್ತೋರು ಅವ್ರು."

"ಇನ್ನೊಂದ್ಸಲ ಅನ್ನಿ."

ಯಾರಿಗೂ ಯಾವುದನ್ನೂ ಎರಡನೇ ಸಲ ಹೇಳಿ ಅಭ್ಯಾಸವಿಲ್ಲದ ದೊಡ್ಡಪ್ಪ ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅದೇ ಮಾತನ್ನು ಮತ್ತೆ ನಿಧಾನವಾಗಿ ಹೇಳಿದರು.