ಸ್ವಂತ ಸುತ್ತಿಗೆಯ ಪ್ರಯೋಜನ

ನಮ್ಮ ಮನೆಯ ಬಚ್ಚಲಿನ ಬಾಗಿಲಿಗೆ ಚಿಲಕವಿಲ್ಲದಿರುವುದು ಎಲ್ಲ ಸದಸ್ಯರಿಗೂ ತಿಳಿದಿರುವ ಸಂಗತಿಯಾಗಿದೆ. ಸದರಿ ಚಿಲಕ ಕಿತ್ತುಬಂದ ಹೊಸದರಲ್ಲಿ, ಮೀಟರ್ ನೋಡಲು ಬಂದವನೊಬ್ಬ ತಪ್ಪಿ ಆ ಬಾಗಿಲು ತೆಗೆದ. ಒಳಗಿದ್ದ ಅತ್ತಿಗೆ ಆಮೇಲೆ ಬಹಳ ದಿನ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಅಂದಿನಿಂದ ಸ್ನಾನ ಮಾಡುವವರು ಗಟ್ಟಿಯಾಗಿ ಹಾಡುತ್ತಿರತಕ್ಕದ್ದು ಎಂದು ಅಣ್ಣ ಆದೇಶ ಹೊರಡಿಸಿದ. ಅಣ್ಣ ಉಗ್ರಾಣಾಧಿಕಾರಿಯಾಗಿ ನಿವೃತ್ತನಾದವನು. ಮನೆಯನ್ನೂ ಉಗ್ರಾಣವೆಂದೇ ತಿಳಿದಿದ್ದಾನೆ.

"ರೀ, ಒಬ್ಬ ಬಡಗೀನ ಕರೆಸಿ. ನಾಲ್ಕು ಸ್ಕ್ರೂ ಹಾಕಿದ್ರೆ ಮುಗೀತು," ಎಂದಳು ಅತ್ತಿಗೆ.

"ಇವತ್ತು ಬಡಗಿ, ನಾಳೆ ಗಾರೆಯವನು. ಎಷ್ಟು ಜನರ ಕೈಕಾಲು ಹಿಡೀತೀಯ? ಸಾಮಾನು ನಮ್ದೇ ಇರ್ಬೇಕು ಕಣೇ."

ಮರುದಿನದಿಂದ ಉಪಕರಣಗಳು ಬರತೊಡಗಿದವು. ಡ್ರಿಲ್ ಮೆಷಿನ್, ಗರಗಸ, ಉಳಿ, ರಸಮಟ್ಟ, ಸಣ್ಣದು ದೊಡ್ಡದು ನಡುವಿನದು ಎಂದು ಸುತ್ತಿಗೆಗಳು. ಮರದ ಬೀರುವಿನಿಂದ ಅತ್ತಿಗೆಯ ಸೀರೆಗಳು ಹೊರಬಿದ್ದವು, ಇವು ಒಳಗೆ ಹೋದವು. ಬಳಸಿದರೆ ಸವೆಯುವುದರಿಂದ, ಸಂಗ್ರಹ ಪೂರ್ಣವಾಗುವವರೆಗೆ ಯಾರೂ ಯಾವುದನ್ನೂ ಮುಟ್ಟಕೂಡದೆಂಬ ನಿಯಮವೂ ಬಂತು. ಪಕ್ಕದ ಮನೆಯವರು ಇಣುಕಿ, "ಇನ್ನೊಂದು ಮನೇನೇ ಕಟ್ಟಬಹುದಲ್ರೀ!" ಎಂದರು. ಅಣ್ಣ ಉಬ್ಬಿಹೋದ. ನನಗೆ ಮೈ ಉರಿಯಿತು. ಆದರೆ ತಮ್ಮನಾದವನು ಬಾಯಿ ಮುಚ್ಚಿಕೊಂಡಿರತಕ್ಕದ್ದು.

ಇಷ್ಟಾದ ಮೇಲೆ ಬೀರುವಿಗೆ ಭದ್ರವಾದ ಚಿಲಕ ಬೇಕಾಯಿತು. ಬಡಗಿಯನ್ನು ಕರೆಸಲಾಯಿತು. ಅವನು ತನ್ನ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಕೊಟ್ಟ ಟೀ ಆರುವುದರೊಳಗೆ ಚಿಲಕ ಕೂರಿಸಿದ.

"ಹಾಗೇ ಬಚ್ಚಲಿಗೂ ಒಂದು ಹಾಕಿಬಿಡಪ್ಪ," ಎಂದಳು ಅತ್ತಿಗೆ, ಮೆಲ್ಲಗೆ.

"ಅದಕ್ಕೇನಮ್ಮ, ಈಗಲೇ ಹಾಕ್ತೀನಿ."

"ಬೇಡ ಬೇಡ!" ಎಂದು ಅಣ್ಣ ಅಡ್ಡ ಬಂದ. "ಇಷ್ಟೆಲ್ಲ ಸಾಮಾನು ಇಟ್ಕೊಂಡು ಹೊರಗಿನವರ ಹತ್ರ ಮಾಡಿಸಿದ್ರೆ ಜನ ನಗಲ್ವಾ?"

ಬೀರುವಿನ ಚಿಲಕ ಉಪಕರಣ ಸಂರಕ್ಷಣೆಯ ಬಾಬತ್ತಾದ್ದರಿಂದ ಅದಕ್ಕೆ ಮಾತ್ರ ವಿನಾಯಿತಿ ಇತ್ತು.

ಕಳೆದ ವಾರ ಅತ್ತಿಗೆಯ ಗಂಟಲು ಕಟ್ಟಿತು. ಹಾಡಲು ದನಿಯೇ ಇಲ್ಲದೆ ಸ್ನಾನ ನಿಂತುಹೋಯಿತು. "ನಾನೇನ್ ಮಾಡ್ಲಿ ಹೇಳ್ರೀ," ಎಂದು ಪಿಸುದನಿಯಲ್ಲೇ ಅತ್ತಳು. ಅಣ್ಣ ಗಂಭೀರವಾಗಿ ಯೋಚಿಸಿದ. ಬೀರುವಿನ ಚಿಲಕ ಸರಿಸಿ, ವಿಶೇಷ ಪ್ರಕರಣವೆಂದು ಪರಿಗಣಿಸಿ, ರುಜು ಹಾಕಿಸಿಕೊಂಡು, ನಡುವಿನ ಸುತ್ತಿಗೆಯನ್ನು ಅವಳಿಗೆ ವಿತರಿಸಿದ. ಹಾಡಲಾರದವರು ಬಕೆಟ್ ಬಡಿಯುತ್ತಿರತಕ್ಕದ್ದು.

ಅತ್ತಿಗೆ ಒಂದು ಕೈಯಲ್ಲಿ ಬಡಿಯುತ್ತ, ಇನ್ನೊಂದು ಕೈಯಲ್ಲಿ ನೀರು ಹೊಯ್ದುಕೊಂಡಳು. ನಾವೆಲ್ಲ ಹೊರಗೆ ಕೂತು ತಿಂಡಿ ತಿಂದೆವು.

"ಈಗ ಗೊತ್ತಾಯ್ತೇನೇ," ಎಂದು ಅಣ್ಣ ಕೂಗಿ ಕೇಳಿದ, "ಸ್ವಂತ ಸುತ್ತಿಗೆ ಇದ್ರೆ ಎಷ್ಟು ಅನುಕೂಲ ಅಂತ?"

ಒಳಗಿನಿಂದ ಬಕೆಟ್ ಒಡೆಯುವಂತೆ ಸದ್ದು ಬಂತು. ಅದನ್ನು ಒಪ್ಪಿಗೆಯೆಂದು ದಾಖಲಿಸಲಾಗಿದೆ.