ಮಾಮ ಕಂಡುಹಿಡಿದ ಕಾಯಿಲೆಗಳು

ನನ್ನ ಮಾಮನ ಪ್ರಕಾರ ನಮ್ಮ ಇಡೀ ಕುಟುಂಬದಲ್ಲಿ ತಲೆ ನೆಟ್ಟಗಿರುವವರು ಇಬ್ಬರೇ. ಒಬ್ಬರು ಸ್ವತಃ ಮಾಮ. ಇನ್ನೊಂದು ನಮ್ಮ ಮನೆಯ ಬೆಕ್ಕು. ಬೆಕ್ಕಿನ ವಿಷಯದಲ್ಲೂ ಅವರಿಗೆ ಆಗಾಗ ಸಂಶಯ ಬರುತ್ತಿತ್ತು. ಹಗಲೆಲ್ಲ ಮಲಗಿರುತ್ತದೆ, ಕರೆದರೆ ತಿರುಗಿ ನೋಡುವುದಿಲ್ಲ, ಖಿನ್ನತೆ ಇದ್ದರೂ ಇರಬಹುದು ಎನ್ನುತ್ತಿದ್ದರು.

ಮಾಮ ಎಂದರೆ ನನ್ನ ಉಮ್ಮನ, ಅಂದರೆ ತಾಯಿಯ, ತಮ್ಮ. ಡಾಕ್ಟರಲ್ಲ. ಸೌದಿಯ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಒಂಬತ್ತು ವರ್ಷ ಡಾಕ್ಟರುಗಳಿಗೆ ಚಹಾ ಕೊಟ್ಟವರು. ತೊಂಬತ್ತರ ದಶಕದ ನಡುವಿನಲ್ಲಿ ಅವರು ಊರಿಗೆ ಮರಳುತ್ತಾರೆಂದು ತಿಳಿದಾಗ ಮನೆಯಲ್ಲಿ ಪಟ್ಟಿಯೇ ತಯಾರಾಗಿತ್ತು. ಅಜ್ಜಿಗೆ ಹೊದಿಕೆ, ಉಮ್ಮನಿಗೆ ಮಿಕ್ಸಿ, ನನಗೂ ಅಕ್ಕನಿಗೂ ಅತ್ತರು, ಚಾಕಲೇಟು. ಬಂದದ್ದೇನು? ಇಬ್ಬರು ಹೊತ್ತು ತಂದ ಪೆಟ್ಟಿಗೆಯ ಹಗ್ಗ ಬಿಚ್ಚಿದರೆ ಮೇಲೆ ಹೊದಿಕೆ, ಹೊದಿಕೆಯೊಳಗೆ ಹಸುಗೂಸಿನಂತೆ ಸುತ್ತಿಟ್ಟ ದಪ್ಪ ಇಂಗ್ಲಿಷ್ ಪುಸ್ತಕ! ಮನುಷ್ಯನ ಬುದ್ಧಿ ಎಷ್ಟು ಬಗೆ, ಅವನ ಮನಸ್ಸು ಕೆಡುವುದು ಎಷ್ಟು ಬಗೆ ಎಂದೆಲ್ಲ ಅದರಲ್ಲಿತ್ತು. ಯಾರೋ ಡಾಕ್ಟರು ಎಸೆಯಲು ಇಟ್ಟಿದ್ದನ್ನು ಮಾಮ ಕೇಳಿ ಪಡೆದಿದ್ದರಂತೆ. ಅಜ್ಜಿ ಪುಸ್ತಕವನ್ನು ಬದಿಗಿಟ್ಟು ಹೊದಿಕೆಯನ್ನಷ್ಟೇ ಒಳಗೆ ತೆಗೆದುಕೊಂಡು ಹೋದರು. ಅಜ್ಜಿಯ ಬುದ್ಧಿಯ ಬಗ್ಗೆ ನನಗೆ ಅಂದೇ ಗೌರವ ಹುಟ್ಟಿತು.

ಮಾಮ ಮೆಲ್ಕಾರಿನಲ್ಲಿ ಬಳೆ, ರಿಬ್ಬನ್ನು, ಅತ್ತರುಗಳ ಫ್ಯಾನ್ಸಿ ಅಂಗಡಿ ತೆರೆದರು. ಮೇಜಿನ ಮೇಲೆ ಪುಸ್ತಕ, ಪುಸ್ತಕದ ಮೇಲೆ ನಿಘಂಟು, ಅವುಗಳ ಹಿಂದೆ ಎಲ್ಲೋ ಮಾಮ. ನಾನಾಗ ಮೂಡಬಿದಿರೆಯಲ್ಲಿ ಪಿಯುಸಿ ಓದುತ್ತಿದ್ದೆ. ಅಲ್ಲಿಂದ ಒಂದು ಕನ್ನಡ ಮನಶ್ಶಾಸ್ತ್ರದ ಪುಸ್ತಕ ತಂದುಕೊಡೆಂದು ಕಾಡಿದರು. ತಂದುಕೊಟ್ಟೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಕಾಯಿಲೆಗಳೆಲ್ಲ ಇಂಗ್ಲಿಷಿನಲ್ಲಿ ಇದ್ದಷ್ಟು ದಿನ ಊರು ಕ್ಷೇಮವಾಗಿತ್ತು!

ಮದುಮಗಳ ತಾಯಿಯೊಬ್ಬರು ಸೀರೆಯ ಬಣ್ಣಕ್ಕೆ ಹೊಂದುವ ಬಳೆ ಹುಡುಕಲು ಬಂದಿದ್ದರು. ತೆಗೆದರು, ಇಟ್ಟರು, ಮತ್ತೆ ತೆಗೆದರು. ನಾಲ್ಕನೆಯ ಸಲಕ್ಕೆ ಮಾಮ ಕನ್ನಡಕ ಸರಿಮಾಡಿಕೊಂಡು, ಇದನ್ನು ಗೀಳು ಎನ್ನುತ್ತಾರೆ, ನಿಮಗೆ ಬೇಕಾದದ್ದು ಬಳೆಯಲ್ಲ ಎಂದು ಬಹಳ ಕಾಳಜಿಯಿಂದ ತಿಳಿಸಿದರು. ಆಕೆ ಎದುರಿನ ಅಂಗಡಿಗೆ ಹೋಗಿ ಆರು ಡಜನ್ ಬಳೆ ಕೊಂಡರು. ಬಾಚಣಿಗೆ ಕೊಳ್ಳಲು ಬಂದು ಎರಡು ಸಲ ಕನ್ನಡಿ ನೋಡಿಕೊಂಡ ಕಾಲೇಜು ಹುಡುಗನಿಗೆ ಆತ್ಮರತಿ ಎಂದರು. ಅವನು ಆ ಶಬ್ದವನ್ನು ಬೈಗುಳವೆಂದೇ ತಿಳಿದು ತಂದೆಯನ್ನು ಕರೆದುಕೊಂಡು ಬಂದ.

ಕೊನೆಗೆ ಮಾಮಿಯೇ ಅಂಗಡಿಯಲ್ಲಿ ಕೂರಬೇಕಾಯಿತು. ಮಾಮಿಯದು ಮಾತು ಕಡಿಮೆ. ಆದರೆ ಒಂದು ದಿನ ತಾಳಲಾರದೆ ಹೇಳಿದರು: "ಎಲ್ಲರದ್ದೂ ನೋಡಿ ಆಯಿತಲ್ಲ. ನಿಮ್ಮದಕ್ಕೆ ಆ ಪುಸ್ತಕದಲ್ಲಿ ಹೆಸರು ಉಂಟಾ ನೋಡಿ."

ಮಾಮ ಪ್ರಾಮಾಣಿಕ ಮನುಷ್ಯ. ನಿಜವಾಗಿಯೂ ನೋಡಿದರು. ಮೊದಲನೆಯ ಕಾಯಿಲೆಯ ಲಕ್ಷಣಗಳೆಲ್ಲ ತನ್ನಲ್ಲಿವೆ ಎನಿಸಿತು. ಎರಡನೆಯದರದ್ದೂ ಅಷ್ಟೇ. ಸಂಜೆಯೊಳಗೆ ಹನ್ನೊಂದು ಕಾಯಿಲೆಗಳಾಗಿ ಹಾಸಿಗೆ ಹಿಡಿದರು. ಮೂರನೆಯ ದಿನ ಮರೆವಿನ ಅಧ್ಯಾಯಕ್ಕೆ ಬಂದರು ನೋಡಿ, ಹಿಂದಿನ ಹನ್ನೊಂದೂ ಮರೆತುಹೋಗಿ ಎದ್ದು ಕೂತು ಗಂಜಿ ಕೇಳಿದರು.

ಆಮೇಲೆ ಸ್ವಲ್ಪ ಕಾಲ ರೋಗಗಳನ್ನು ಬಿಟ್ಟು ಬುದ್ಧಿಯ ಹಿಂದೆ ಬಿದ್ದರು. ಒಂದು ಶುಕ್ರವಾರ ಊಟವಾದ ಮೇಲೆ ನಮ್ಮನ್ನೆಲ್ಲ ಚಾವಡಿಯಲ್ಲಿ ಸಾಲಾಗಿ ಕೂರಿಸಿ ಬುದ್ಧಿಲಬ್ಧ ಅಳೆಯಲು ಹೊರಟರು. ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮುಗಿಯಿತಂತೆ. ಅಜ್ಜಿಯ ವಯಸ್ಸು ಕೇಳಿದಾಗ, ದೊಡ್ಡ ನೆರೆ ಬಂದಾಗ ತನಗೆ ನಡೆಯಲು ಬರುತ್ತಿತ್ತು ಎಂದರು. ಅದರಿಂದ ಭಾಗಿಸುವುದು ಹೇಗೆ? ಹೋಗಲಿ ಎಂದು ಮಾಮ ಪ್ರಶ್ನೆಗೆ ಬಂದರು. ಹಸು, ಆಡು, ಆನೆ, ಕೊಡೆ. ಇವುಗಳಲ್ಲಿ ಗುಂಪಿಗೆ ಸೇರದ್ದು ಯಾವುದು?

"ಆನೆ," ಎಂದರು ಅಜ್ಜಿ. "ಉಳಿದ ಮೂರೂ ನಮ್ಮಲ್ಲಿ ಉಂಟಲ್ಲ."

ಪುಸ್ತಕದ ಪ್ರಕಾರ ಸೊನ್ನೆ. ಆದರೆ ಮಾಮ ಸೊನ್ನೆ ಬರೆಯಲಿಲ್ಲ. ಪೆನ್ಸಿಲು ಹಿಡಿದು ಬಹಳ ಹೊತ್ತು ಹೊರಗೆ ಕಟ್ಟಿದ್ದ ಆಡನ್ನೇ ನೋಡುತ್ತ ಕುಳಿತರು. ಆಮೇಲೆ ಪುಸ್ತಕದ ಅಂಚಿನಲ್ಲಿ 'ಉತ್ತರ ಸರಿ, ಪ್ರಶ್ನೆ ತಪ್ಪು' ಎಂದು ಬರೆದುಕೊಂಡರು. ಬುದ್ಧಿ ಅಳೆಯುವ ಕೆಲಸ ಅಲ್ಲಿಗೆ ನಿಂತಿತು.

ಅವರು ಪೂರ್ತಿ ಗುಣಪಡಿಸಿದ ರೋಗಿ ಎಂದರೆ ನನ್ನ ತಂದೆ ಒಬ್ಬರೇ. ತಂದೆಗೆ ಚಾರ್ಮಾಡಿ ಘಾಟಿ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ವ್ಯಾಪಾರಕ್ಕೆಂದು ಚಿಕ್ಕಮಗಳೂರಿಗೆ ಹೋಗಬೇಕಾದರೆ ದೂರದ ದಾರಿ ಹಿಡಿದು ಸುತ್ತಿ ಹೋಗುತ್ತಿದ್ದರು. ಇಂಥ ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಕಳೆಯಬೇಕೆಂದು ಪುಸ್ತಕ ಹೇಳುತ್ತದಂತೆ. ಮೊದಲ ವಾರ ಇಬ್ಬರೂ ಬೆಳ್ತಂಗಡಿಯವರೆಗೆ ಹೋಗಿ ಚಹಾ ಕುಡಿದು ಬಂದರು. ಎರಡನೆಯ ವಾರ ಉಜಿರೆ. ಮೂರನೆಯ ವಾರ ಚಾರ್ಮಾಡಿಯಲ್ಲೇ ಇಳಿದು, ಬೆಂಚಿನ ಮೇಲೆ ಕುಳಿತು, ಎದುರಿನ ಬೆಟ್ಟವನ್ನು ಒಂದು ಗಂಟೆ ನೋಡಿದರು. ನಾಲ್ಕನೆಯ ವಾರ ಬಸ್ಸು ಹತ್ತಿಯೇಬಿಟ್ಟರು. ಮೂರನೆಯ ತಿರುವಿನಲ್ಲಿ ತಂದೆ ಕಣ್ಣು ತೆರೆದು ಕಣಿವೆ ನೋಡಿದರಂತೆ, ಚಂದ ಉಂಟು ಎಂದರಂತೆ. ಪಕ್ಕಕ್ಕೆ ತಿರುಗಿದರೆ ಮಾಮ ಎದುರಿನ ಸೀಟಿನ ಕಂಬಿಯನ್ನು ತಬ್ಬಿಕೊಂಡು ಬಿಳಿಚಿಹೋಗಿದ್ದರು. "ಭಾವ, ನಿಲ್ಲಿಸ್ಲಿಕ್ಕೆ ಹೇಳಿ" ಎಂಬುದಷ್ಟೇ ಅವರ ಬಾಯಿಂದ ಬಂದದ್ದು. ತಂದೆ ಆಮೇಲೆ ಘಾಟಿಯಲ್ಲಿ ನಿದ್ದೆ ಮಾಡಿಕೊಂಡು ಹೋಗುವಷ್ಟು ಗುಣವಾದರು. ಮಾಮ ಉಜಿರೆ ದಾಟಿ ಮುಂದೆ ಹೋದದ್ದನ್ನು ನಾನು ನೋಡಿಲ್ಲ.

ಹೀಗೆ ನಗುತ್ತ ವರ್ಷಗಳು ಕಳೆದವು. ಅಕ್ಕನಿಗೆ ಸಿದ್ಧಕಟ್ಟೆಗೆ ಮದುವೆಯಾಯಿತು. ಭಾವ ಗಲ್ಫಿನಲ್ಲಿದ್ದರು. ಚೊಚ್ಚಲ ಹೆರಿಗೆಗೆ ಅಕ್ಕ ನಮ್ಮ ಮನೆಗೆ ಬಂದಳು. ಗಂಡುಮಗು, ಸುಖಪ್ರಸವ. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಅಕ್ಕ ಮಾತು ಬಿಟ್ಟಳು. ಊಟ ಬೇಡ, ನಿದ್ದೆ ಇಲ್ಲ. ಮಗು ಅತ್ತರೆ ಗೋಡೆಯ ಕಡೆ ತಿರುಗುತ್ತಿದ್ದಳು. ಒಂದು ದಿನ, ತಾನು ಇಲ್ಲದಿದ್ದರೆ ಮಗುವಿಗೇ ಒಳ್ಳೆಯದು ಎಂದು ನನ್ನ ಹತ್ತಿರ ಹೇಳಿದಳು. ನೋಡಲು ಬಂದ ಹೆಂಗಸರು ಕೊಬ್ಬು ಎಂದರು, ದೃಷ್ಟಿ ಎಂದರು. ಉಮ್ಮ ಮಂತ್ರಿಸಿದ ನೂಲು ತರಿಸಿ ಕಟ್ಟಿದರು.

ಮಾಮ ಬಂದಾಗ ನನಗೆ ಭಯವಾಯಿತು. ಇಷ್ಟು ಜನರ ಎದುರು ಯಾವ ಹೆಸರು ಹೇಳಿಬಿಡುತ್ತಾರೋ! ಅವರು ಬಾಗಿಲ ಬಳಿ ಸ್ಟೂಲು ಹಾಕಿ ಕುಳಿತರು, ಅಷ್ಟೇ. ಮರುದಿನವೂ ಬಂದು ಕುಳಿತರು. ಮೂರನೆಯ ದಿನ ಅಕ್ಕನೇ ಕೇಳಿದಳು:

"ಮಾಮ, ನನಗೆ ಮರ್ಲ್ ಹಿಡಿದದ್ದಾ? ಹುಚ್ಚಾ?"

"ಇಲ್ಲ ಮಗಳೇ," ಎಂದರು ಮಾಮ. "ಮೈಗೆ ಸುಸ್ತಾಗುವ ಹಾಗೆ ಮನಸ್ಸಿಗೂ ಸುಸ್ತಾಗ್ತದೆ. ನಿನ್ನ ತಪ್ಪು ಏನೂ ಇಲ್ಲ. ಮದ್ದು ಉಂಟು."

ಉಮ್ಮನನ್ನು ಅಂಗಳಕ್ಕೆ ಕರೆದು, ನೂಲು ಇರಲಿ, ಅದನ್ನು ಬಿಚ್ಚುವುದು ಬೇಡ, ಡಾಕ್ಟರ ಹತ್ತಿರವೂ ಹೋಗುವ ಎಂದರು. ಮರುದಿನ ಬೆಳಗ್ಗೆ ಮಾಮ, ಅಕ್ಕ, ಮಗುವನ್ನೆತ್ತಿಕೊಂಡ ನಾನು ಮಂಗಳೂರಿಗೆ ಹೋದೆವು. ಮನೋವೈದ್ಯರ ಕೋಣೆಯ ಹೊರಗೆ ಕುಳಿತಿದ್ದಾಗ, ಇನ್ಯಾರನ್ನೋ ನೋಡಲು ಬಂದಿದ್ದ ಸಿದ್ಧಕಟ್ಟೆಯ ಒಬ್ಬರು ಎದುರಿನಿಂದಲೇ ಬರಬೇಕೆ? ಅಕ್ಕನ ಅತ್ತೆಮನೆಯ ಪಕ್ಕದ ಮನೆಯವರು. ಬಾಗಿಲ ಮೇಲಿನ ಬೋರ್ಡು ಓದಿದರು, ಅಕ್ಕನನ್ನು ನೋಡಿದರು. ಅಕ್ಕ ನನ್ನ ಕೈ ಹಿಡಿದುಕೊಂಡಳು.

ಮಾಮ ಎದ್ದು ನಿಂತು ಸಲಾಂ ಹೇಳಿದರು. "ನನ್ನನ್ನು ತೋರಿಸ್ಲಿಕ್ಕೆ ಬಂದದ್ದು," ಎಂದರು. "ತಲೆ ಸ್ವಲ್ಪ ಸರಿ ಇಲ್ಲ. ಒಬ್ಬನನ್ನೇ ಕಳಿಸ್ಲಿಕ್ಕೆ ಮನೆಯವರಿಗೆ ಧೈರ್ಯ ಇಲ್ಲ. ಹಾಗೆ ಮಕ್ಕಳು ಜೊತೆಗೆ ಬಂದಿದ್ದಾರೆ."

ಸಿದ್ಧಕಟ್ಟೆಯವರು ಮರುಗಿದ ಮುಖ ಮಾಡಿಕೊಂಡು ಹೋದರು. ಆ ವಾರದೊಳಗೆ ಸುದ್ದಿ ಸಿದ್ಧಕಟ್ಟೆಯಿಂದ ಮೆಲ್ಕಾರಿಗೂ ಬಂತು. ಮೊದಲೇ ಸಂಶಯ ಇತ್ತು ಎಂದು ಜನ ತಲೆಯಾಡಿಸಿದರು. ಮಾಮ ಯಾರಿಗೂ ಇಲ್ಲ ಎನ್ನಲಿಲ್ಲ. ಮಾಮಿಗೆ ಮಾತ್ರ ನಿಜ ಹೇಳಿದ್ದರೆಂದು ಕಾಣುತ್ತದೆ. ಅವರೂ ಬಾಯಿ ಬಿಡಲಿಲ್ಲ.

ಅಕ್ಕ ಮದ್ದು ತೆಗೆದುಕೊಂಡಳು. ಒಂದು ತಿಂಗಳಿಗೆ ನಿದ್ದೆ ಬಂತು, ಎರಡಕ್ಕೆ ಹಸಿವು, ಆಮೇಲೆ ನಗು. ಐದಾರು ತಿಂಗಳ ಬಳಿಕ ಅವಳೂ ನಾನೂ ಮಗುವಿನೊಂದಿಗೆ ಮಾಮನ ಅಂಗಡಿಯಲ್ಲಿದ್ದಾಗ ಆ ಸಿದ್ಧಕಟ್ಟೆಯವರು ಬಂದರು. ಪಾಪ, ಒಳ್ಳೆಯ ಮನುಷ್ಯನೇ. ಧ್ವನಿ ತಗ್ಗಿಸಿ, ಈಗ ಹೇಗಿದ್ದೀರಿ, ಗುಣ ಉಂಟಾ ಎಂದು ಮಾಮನನ್ನು ಕೇಳಿದರು.

ಮಾಮ ಅಕ್ಕನ ಕಡೆ ನೋಡಿದರು.

"ಈಗ ಆರಾಮ ಉಂಟು," ಎಂದರು. "ಮದ್ದು ಬಿಡಲಿಲ್ಲ ನಾನು."

ಅಕ್ಕ ಮುಂದೆ ಬಂದು ಮಗುವನ್ನು ಮಾಮನ ಕೈಗೆ ಕೊಟ್ಟಳು.