ಒಂದೇ ಕೋಟ್ ಬಳಿದ ವಿಮಾನ

"ಅಮ್ಮಾ, ತಾತನೂ ಗೋಡೆ ಮೇಲೆ ಗೀಚಿದ್ರಾ?"

ನನ್ನ ಐದು ವರ್ಷದ ಮಗಳು ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ನಮ್ಮ ಮನೆಯ ಸಂವಿಧಾನದ ಪ್ರಕಾರ, ಗೋಡೆ ಮೇಲೆ ಗೀಚಿದವರು ಹಜಾರದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಹತ್ತು ನಿಮಿಷ ಕೂರಬೇಕು. ಹೋದ ತಿಂಗಳು ಅವಳು ಕೂತಿದ್ದಳು. ಈಗ ಅದೇ ಮೂಲೆಯಲ್ಲಿ, ಅಂಥದ್ದೇ ಮುಖ ಮಾಡಿಕೊಂಡು, ನನ್ನ ಮಾವ ಮೂರು ವಾರದಿಂದ ಕೂತಿದ್ದಾರೆ.

"ಇಲ್ಲ ಪುಟ್ಟಿ, ತಾತ ವಿಮಾನ ಹುಡುಕ್ತಿದ್ದಾರೆ."

"ಮೂಲೇಲಾ?"



ಮಾವ ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿದರೂ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಭೂತಗನ್ನಡಿಯನ್ನು ಬಿಟ್ಟಿಲ್ಲ. ಅದನ್ನು ಸಿಕ್ಕಿಸಿಕೊಂಡು ಅವರು ನೋಡುತ್ತಿದ್ದದ್ದು ಅವರ ಅಪ್ಪನ ಫೋಟೋವನ್ನು. ಯಾವುದೋ ಹಳೇ ಯುದ್ಧಕಾಲದ್ದು. ಅಂಗೈಯಗಲದ ಕಪ್ಪು ಬಿಳುಪು ಚಿತ್ರ. ವಿಮಾನದ ಹಿಂಭಾಗ, ಬಾಲದ ಮೇಲೆ ನಮ್ಮ ಸೇನೆಯ ಚಕ್ರದ ಗುರುತು, ಪಕ್ಕದಲ್ಲಿ ಶಿರಸ್ತ್ರಾಣ ಹಿಡಿದು ನಗುತ್ತಾ ನಿಂತ ತೆಳ್ಳನೆಯ ಯುವಕ. ಮಾವ ನಡೆಯೋದು ಕಲಿಯುವ ಮೊದಲೇ ಅಪ್ಪ ತೀರಿಕೊಂಡರಂತೆ. ಉಳಿದದ್ದು ಇದೊಂದೇ ಫೋಟೋ. ಜೊತೆಗೆ, "ನನ್ನಪ್ಪ ಪೈಲಟ್ ಆಗಿದ್ದರು" ಅನ್ನುವ ಒಂದು ವಾಕ್ಯ. (ಅದನ್ನು ನಾನು ಮದುವೆಯಾದ ಮೊದಲ ದಿನವೇ ಕೇಳಿದ್ದೇನೆ. ಎರಡನೆಯ ದಿನವೂ ಕೇಳಿದ್ದೇನೆ.)

ಯುದ್ಧ ಸಂಗ್ರಹಾಲಯದ ಅಧಿಕಾರಿಣಿ ಫೋಟೋವನ್ನು ಗೋಡೆಗೆ ಹಾಕಲು ಒಪ್ಪಿದ್ದರು. ಷರತ್ತು ಒಂದೇ: ಅದು ಯಾವ ವಿಮಾನ ಅಂತ ಶನಿವಾರದೊಳಗೆ ತಿಳಿಸಬೇಕು. ಇಲ್ಲದಿದ್ದರೆ ಅದು ಹೆಸರಿಲ್ಲದ ಫೋಟೋಗಳ ಪೆಟ್ಟಿಗೆಗೆ ಹೋಗುತ್ತದೆ.

ಗ್ರಂಥಾಲಯದಿಂದ ತಂದ ದಪ್ಪ ಪುಸ್ತಕದಲ್ಲಿ ನಮ್ಮ ಸೇನೆಯ ವಿಮಾನಗಳೆಲ್ಲ ಇದ್ದವು. ಮಾವ ಒಂದೊಂದನ್ನೂ ಮೂರು ಮೂರು ಸಲ ಹೋಲಿಸಿದ್ದರು. ಬಾಲ ಸರಿಹೋದರೆ ಬಾಗಿಲು ಹೊಂದುತ್ತಿರಲಿಲ್ಲ, ಬಾಗಿಲು ಹೊಂದಿದರೆ ಬಾಲ.

"ರೀ, ಊಟಕ್ಕೆ ಬನ್ನಿ. ಆ ವಿಮಾನ ಎಲ್ಲೂ ಹಾರಿಹೋಗಲ್ಲ," ಅಂದರು ಅತ್ತೆ.

"ವಿಮಾನ ಹಾರಿಹೋಗಲ್ಲ ಕಣೇ, ಶನಿವಾರ ಹಾರಿಹೋಗುತ್ತೆ."

"ನಲವತ್ತು ವರ್ಷ ಊರಿನವರ ಟೈಮೆಲ್ಲ ಸರಿ ಮಾಡಿದ್ರಿ. ನಿಮ್ಮ ಊಟದ ಟೈಮ್ ಒಂದು ಸರಿಹೋಗಲಿಲ್ಲ!"

ಶುಕ್ರವಾರ ಮಧ್ಯಾಹ್ನ ಮಾವ ಸೋತು ಕೈಕಾಲು ತೊಳೆಯಲು ಎದ್ದು ಹೋದರು. ಮೇಜಿನ ಮೇಲೆ ಸಂಗ್ರಹಾಲಯದ ಅರ್ಜಿ. ಅಪ್ಪನ ಹೆಸರನ್ನು ಮುತ್ತು ಪೋಣಿಸಿದ ಹಾಗೆ ಬರೆದಿದ್ದರು. ಅದರ ಕೆಳಗೆ "ವಿಮಾನ" ಅಂತ ಇತ್ತು, ಮುಂದೆ ಖಾಲಿ. ಫೋಟೋ ಕೈಗೆತ್ತಿಕೊಂಡೆ.

ಚಕ್ರದ ಗುರುತಿನೊಳಗೆ ಇನ್ನೇನೋ ಮಸುಕಾಗಿ ಇಣುಕುತ್ತಿತ್ತು. ಅಡ್ಡಡ್ಡ ಎರಡು ಪಟ್ಟಿ. ಈ ಇಣುಕಾಟವನ್ನು ಎಲ್ಲೋ ನೋಡಿದ್ದೀನಲ್ಲ ಅಂದುಕೊಂಡೆ. ತಲೆ ಎತ್ತಿದರೆ ಎದುರಿಗೆ ಕ್ಯಾಲೆಂಡರ್.

ಆ ಕ್ಯಾಲೆಂಡರಿನ ಚರಿತ್ರೆ ಹೇಳಲೇಬೇಕು. ಮಗಳು ಗೋಡೆಯ ಮೇಲೆ ಕಪ್ಪು ಬಳಪದಲ್ಲಿ ನನ್ನ ಭಾವಚಿತ್ರ ಬರೆದಿದ್ದಳು. ಶೀರ್ಷಿಕೆ "ಅಮ್ಮ ಬೈಯ್ತಿರೋದು". ಮುಖಕ್ಕಿಂತ ಬಾಯಿ ದೊಡ್ಡದು. ಬಣ್ಣದವನನ್ನು ಕರೆಸೋಣ ಎಂದ ಅತ್ತೆಗೆ, "ಇಷ್ಟಕ್ಕೆಲ್ಲ ಅವನ್ಯಾಕೆ?" ಎಂದು ನಾನೇ ಬ್ರಷ್ ಹಿಡಿದೆ. ಮೊದಲ ಕೋಟ್‌ಗೇ ಸೊಂಟ ಹಿಡಿಯಿತು. ಒಣಗಿದ ಮೇಲೆ ನೋಡಿದರೆ ಬಾಯಿ ಮೆಲ್ಲಗೆ ಮೇಲೆದ್ದು ಬಂದಿತ್ತು. ಅದಕ್ಕೆ ಕ್ಯಾಲೆಂಡರ್ ಹೊದಿಸಿ, "ಎರಡು ಕೋಟ್ ಹೊಡೆದೆ ಅತ್ತೆ" ಅಂದಿದ್ದೆ. ಅವರು ಅದನ್ನು ನಾಲ್ಕು ಮನೆಯಲ್ಲಿ ಹೊಗಳಿ ಬಂದಿದ್ದರು.

ಈಗ ಬಾಯಿ ಬಿಟ್ಟರೆ ಮರ್ಯಾದೆ ಹೋಗುತ್ತದೆ, ಬಿಡದಿದ್ದರೆ ಫೋಟೋ ಪೆಟ್ಟಿಗೆ ಸೇರುತ್ತದೆ. ಅಷ್ಟರಲ್ಲಿ ಮಾವ ಬಂದರು. ಭೂತಗನ್ನಡಿ ಒತ್ತಿ ಒತ್ತಿ ಅವರ ಕಣ್ಣಿನ ಸುತ್ತ ಕೆಂಪು ಬಳೆ ಮೂಡಿತ್ತು.

"ಮಾವ, ಈ ಚಕ್ರಕ್ಕೆ ಒಂದೇ ಕೋಟ್ ಬಳಿದಿದ್ದಾರೆ. ಕೆಳಗೆ ಬೇರೆ ಗುರುತಿದೆ."

"ನಿನಗೆ ಹೇಗಮ್ಮಾ ಗೊತ್ತಾಯ್ತು?"

ನಾನು ಕ್ಯಾಲೆಂಡರ್ ಎತ್ತಿದೆ.

"ಎರಡು ಕೋಟ್ ಅಂದಿದ್ದೆಯಲ್ಲೇ!" ಅಡುಗೆಮನೆ ಬಾಗಿಲಿನಿಂದ ಅತ್ತೆ.

"ಅಮ್ಮ ಬೈಯ್ತಿರೋದು ವಾಪಸ್ ಬಂತು!" ಮಗಳು ಕುಣಿದಳು.

ಮಾವ ಭೂತಗನ್ನಡಿ ಸಿಕ್ಕಿಸಿಕೊಂಡು ಗೋಡೆ ನೋಡಿದರು, ಫೋಟೋ ನೋಡಿದರು, ಮತ್ತೆ ಗೋಡೆ. ಆಮೇಲೆ ಪುಸ್ತಕದಲ್ಲಿ ಇಷ್ಟು ದಿನ ಮುಟ್ಟದೇ ಇದ್ದ ಅರ್ಧವನ್ನು, ಶತ್ರುಗಳ ವಿಮಾನಗಳನ್ನು, ತೆರೆದರು. ಅದರ ಏಳನೆಯ ಪುಟದಲ್ಲಿ ಕೈ ನಿಂತಿತು. ಅದೇ ಚೌಕ ಬಾಲ, ಅದೇ ಬಾಗಿಲು, ಅದೇ ಏಣು ಏಣಾದ ತಗಡಿನ ಮೈ. ಸಾಮಾನು ಸಾಗಿಸುವ ವಿಮಾನ.

"ಸೆರೆ ಸಿಕ್ಕಿದ್ದು ಕಣಮ್ಮಾ! ಅವರಿಂದ ಕಿತ್ತುಕೊಂಡದ್ದು! ನಮ್ಮವರೇ ಗುಂಡು ಹಾರಿಸದಿರಲಿ ಅಂತ ಅವಸರಕ್ಕೆ ನಮ್ಮ ಗುರುತು ಬಳಿದಿದ್ದಾರೆ. ಯಾರು ಬಳಿದರೋ!"

ಮಗಳು ಫೋಟೋದ ಮೇಲೆ ಬೆರಳಿಟ್ಟಳು. "ಇವ್ರೇ. ಬಣ್ಣದ ಡಬ್ಬಿ ಹಿಡ್ಕೊಂಡಿದ್ದಾರಲ್ಲ."

ಇಷ್ಟು ವರ್ಷ ನಾವೆಲ್ಲ ಪೈಲಟ್ಟಿನ ಶಿರಸ್ತ್ರಾಣ ಅಂದುಕೊಂಡಿದ್ದದ್ದು ಅದು. ಮಾವ ಮೊದಲ ಸಲ ವಿಮಾನ ಬಿಟ್ಟು ಆ ಕೈಯನ್ನು ಭೂತಗನ್ನಡಿಯಲ್ಲಿ ನೋಡಿದರು. ಡಬ್ಬಿಯಿಂದ ಬ್ರಷ್ಷಿನ ಹಿಡಿ ಹೊರಗೆ ಚಾಚಿತ್ತು. ಪ್ಯಾಂಟಿನ ಮೇಲೆ ಬಣ್ಣದ ಹನಿಗಳು.

"ಹಾಗಾದ್ರೆ ನನ್ನಪ್ಪ ಹಾರಿಸಲಿಲ್ಲ," ಅಂದರು ಮೆಲ್ಲಗೆ.

ಯಾಕಾದರೂ ಹೇಳಿದೆನೋ ಅನ್ನಿಸಿತು. ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತರು.

"ಹಾರಿಸೋರು ಹಾರಿಸಿದ್ರು ಬಿಡಿ. ಬಣ್ಣ ಬಳೀದೇ ಹೋಗಿದ್ರೆ ನಮ್ಮವರೇ ಅದನ್ನ ಹೊಡೆದು ಬೀಳಿಸ್ತಿರಲಿಲ್ವಾ? ಹಾರಿಸಿದವನು ಬದುಕಿ ಇಳಿದದ್ದು ಯಾರಿಂದ?"

ಮಾವ ಅರ್ಜಿಯನ್ನು ಹತ್ತಿರಕ್ಕೆಳೆದುಕೊಂಡು ವಿಮಾನದ ಹೆಸರು ತುಂಬಿದರು. ಅಪ್ಪನ ಹೆಸರಿನ ಮುಂದೆ ಮೊದಲೇ ಬರೆದಿದ್ದ "ಪೈಲಟ್" ಹೊಡೆದು ಹಾಕಿ, "ಬಣ್ಣಗಾರರು" ಅಂತ ಬರೆದರು, ಇನ್ನೂ ಮುದ್ದಾಗಿ.

ಸಂಗ್ರಹಾಲಯಕ್ಕೆ ಫೋನ್ ಮಾಡಿದರೆ ಅಧಿಕಾರಿಣಿಗೆ ಖುಷಿಯೋ ಖುಷಿ. ಪೈಲಟ್‌ಗಳ ಫೋಟೋ ರಾಶಿ ಇವೆಯಂತೆ, ಗುರುತು ಬಳಿದವರದ್ದು ಒಂದೂ ಇರಲಿಲ್ಲವಂತೆ. ಭಾನುವಾರ ಕ್ಯಾಮೆರಾದವರನ್ನು ಕರೆದುಕೊಂಡು ಮನೆಗೇ ಬರುತ್ತಾರಂತೆ.

ಸಂಜೆ ನಾನು ಉಳಿದ ಬಣ್ಣದ ಡಬ್ಬಿ, ಬ್ರಷ್ ತೆಗೆದು, ಸೊಂಟಕ್ಕೆ ಸೆರಗು ಸಿಕ್ಕಿಸಿ ಸ್ಟೂಲ್ ಹತ್ತಿದೆ. ಜನ ಬರುವುದರೊಳಗೆ ಆ ಬಾಯಿ ಮುಚ್ಚಲೇಬೇಕಿತ್ತು.

ಮಾವ ಬಂದು ಹಿಂದೆ ನಿಂತರು. ಗಂಟಲು ಸರಿಮಾಡಿಕೊಂಡರು.

"ಮಗಳೇ, ಒಂದು ಉಪಕಾರ ಮಾಡ್ತೀಯಾ? ಒಂದೇ ಕೋಟ್ ಹೊಡೆದ್ರೆ ಕೆಳಗಿನದ್ದು ಹೇಗೆ ಕಾಣುತ್ತೆ ಅಂತ ಕ್ಯಾಮೆರಾದವರಿಗೆ ತೋರಿಸಬೇಕು. ಭಾನುವಾರದ ತನಕ ಎರಡನೇ ಕೋಟ್ ಬೇಡ. ಹಾಗೇ... ನೀನೂ ಸ್ವಲ್ಪ ಆ ಗೋಡೆ ಪಕ್ಕದಲ್ಲೇ ನಿಂತಿರ್ತೀಯಾ? ಹೋಲಿಸಿ ನೋಡೋಕೆ ಅವರಿಗೂ ಸುಲಭ."